ರೊಟ್ಟಿಯ ಪಾಳಿ

ಕ್ರೈಸ್ತ ಸಭಾಪಾಲಕನ ಕೆಲಸಕ್ಕೆ ಸೇರುವವರಿಗೆ ನಾನು ಮೊದಲು ಹೇಳುವುದು ಹೊಟ್ಟೆಯ ವಿಚಾರ. ದೇವಶಾಸ್ತ್ರದ ಕಾಲೇಜಿನಲ್ಲಿ ಗ್ರೀಕು ಕಲಿಸುತ್ತಾರೆ, ಹೀಬ್ರೂ ಕಲಿಸುತ್ತಾರೆ. ಒಂದೇ ಮುಂಜಾನೆ ಎಂಟು ಹತ್ತು ಮನೆಗಳಲ್ಲಿ ಚಹಾ ಕುಡಿಯುವುದು ಹೇಗೆಂದು ಮಾತ್ರ ಯಾರೂ ಕಲಿಸುವುದಿಲ್ಲ. ಮೋರಟಗಿಯಲ್ಲಿ ಮೊದಲ ಸಲ ಮನೆ ಪ್ರಾರ್ಥನೆಗೆ ಹೋದಾಗ ನಾನು ಮೂರನೆಯ ಮನೆಗೇ ಸೋತು, ಚಹಾ ಬೇಡವೆಂದೆ. ಆ ಮನೆಯವರು ಕೆಲವು ವಾರ ಗುಡಿಗೆ ಬರಲಿಲ್ಲ. ಪ್ರಾರ್ಥನೆ ಉದ್ದವಾಯಿತೆಂದು ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ, ಕಪ್ಪಿನಲ್ಲಿ ಚಹಾ ಉಳಿದರೆ ಮಾಡಿಕೊಳ್ಳುತ್ತಾರೆ. ಒಬ್ಬರ ಮನೆಯಲ್ಲಿ ಉಣ್ಣುವುದು, ಕುಡಿಯುವುದು ನಮ್ಮ ಕಡೆ ಸಣ್ಣ ಸಂಗತಿಯಲ್ಲ. ಅದು ಎಷ್ಟು ದೊಡ್ಡದು ಎಂಬುದು ನನಗೆ ಗೊತ್ತಾಗಲು ಇನ್ನೂ ಬಹಳ ವರ್ಷ ಹಿಡಿಯಿತು.

ಈಗ ನಿವೃತ್ತನಾಗಿ ಸಿಂದಗಿಯಲ್ಲಿ ಮನೆ ಮಾಡಿಕೊಂಡಿದ್ದೇನೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಸಣ್ಣ ಸಣ್ಣ ಸಭೆಗಳಲ್ಲಿ ನನ್ನ ಆಯುಷ್ಯ ಕಳೆಯಿತು. ಮೊದಲು ಬಸ್ಸಿನಲ್ಲಿ ಓಡಾಡಿದೆ, ಆಮೇಲೆ ಹಳೆಯ ಮೋಟಾರ್ ಸೈಕಲ್ಲಿನಲ್ಲಿ, ಬೆನ್ನುನೋವು ಬಂದ ಮೇಲೆ ಮತ್ತೆ ಬಸ್ಸಿನಲ್ಲಿ. ನಮ್ಮವರು ನನ್ನನ್ನು ಅಯ್ನೋರು ಎನ್ನುತ್ತಿದ್ದರು, ಹೊರಗಿನವರು ಏಸು ಗುಡಿ ಅಯ್ನೋರು ಎನ್ನುತ್ತಿದ್ದರು. ಯಾವ ವರ್ಷ ಎಲ್ಲಿಗೆ ವರ್ಗವಾಯಿತು, ಯಾವಾಗ ಹುದ್ದೆ ಏರಿತು ಎಂಬುದು ನನ್ನ ಹೆಂಡತಿಗೇ ನೆನಪಿಲ್ಲ, ಓದುವವರಿಗೆ ಯಾಕೆ ಬೇಕು. ಕೆಲಸ ಹೇಗಿತ್ತು ಎಂಬುದನ್ನಷ್ಟೇ ಬರೆಯುತ್ತೇನೆ.

ಮುದ್ದೇಬಿಹಾಳದ ಕಡೆ ಹೊಸದಾಗಿ ಪ್ರಸಂಗ, ಅಂದರೆ ಗುಡಿಯ ಉಪದೇಶ, ಮಾಡುವಾಗ ದೇವರ ಕೃಪೆ ಎಂದರೇನೆಂದು ತಿಳಿಸಬೇಕಿತ್ತು. ಯೋಗ್ಯತೆ ನೋಡದೆ, ಬೆಲೆ ಕೇಳದೆ ದೇವರು ಕೊಡುವುದು ಕೃಪೆ ಎಂದು ಪುಸ್ತಕದ ಮಾತು ಹೇಳಿದೆ. ಜನ ಸುಮ್ಮನೆ ನೋಡುತ್ತಿದ್ದರು. ಆಗ, ಕಿಸೆ ಖಾಲಿ ಇದ್ದವನನ್ನು ಕಂಡಕ್ಟರ್ ಕರೆದು ಸೀಟು ಕೊಟ್ಟು ಊರು ಮುಟ್ಟಿಸಿದರೆ ಹೇಗೋ ಹಾಗೆ ಎಂದೆ. ಎಲ್ಲರೂ ತಲೆದೂಗಿದರು. ಆರಾಧನೆ ಮುಗಿದ ಮೇಲೆ ಸಭೆಯಲ್ಲಿದ್ದ ಒಬ್ಬ ನಿಜವಾದ ಕಂಡಕ್ಟರ್ ಬಂದು, "ಅಯ್ನೋರ, ಹಂಗ ಕೂಡಿಸ್ಕೊಂಡ ಹೋದ್ರ ನನ್ನ ಸಸ್ಪೆಂಡ್ ಮಾಡ್ತಾರ್ರಿ" ಎಂದ. ನಾನು ಆ ಉದಾಹರಣೆ ಕೈಬಿಟ್ಟೆ. ಈಗ ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾಗಿದೆ, ಅರ್ಧ ಸಭೆಗಾದರೂ ಅದನ್ನು ಧೈರ್ಯವಾಗಿ ಹೇಳಬಹುದು.

ಇಂಗಳೇಶ್ವರದ ಹತ್ತಿರ ಒಬ್ಬರ ಎಮ್ಮೆ ಹಾಲು ಕೊಡುವುದನ್ನು ನಿಲ್ಲಿಸಿತ್ತು. ಮನೆಯಾಕೆ ಕಣ್ಣೀರು ಹಾಕಿದ್ದಕ್ಕೆ ನಾನು ಕೊಟ್ಟಿಗೆಗೆ ಹೋಗಿ ಎಮ್ಮೆಯ ಬೆನ್ನ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದೆ. ಮರುದಿನವೇ ಅದು ಹಾಲು ಕೊಟ್ಟಿತಂತೆ. ಮುಂದಿನ ವಾರ ಗುಡಿಯ ಮುಂದೆ ಎಮ್ಮೆ, ಆಕಳು, ಒಂದು ಕುಂಟುವ ಎತ್ತು ಸಾಲಾಗಿ ನಿಂತಿದ್ದವು. ಅವುಗಳನ್ನು ತಂದವರಲ್ಲಿ ಹೆಚ್ಚಿನವರು ನಮ್ಮ ಸಭೆಯವರೇ ಅಲ್ಲ. ವಿಜಯಪುರದಲ್ಲಿ ಕೂರುತ್ತಿದ್ದ ನಮ್ಮ ಮೇಲ್ವಿಚಾರಕರಿಗೆ ಈ ಸುದ್ದಿ ಮುಟ್ಟಿ, ಸಭಾಪಾಲಕರ ಕೂಟದಲ್ಲಿ ಎಲ್ಲರೆದುರು ನನ್ನನ್ನು ಪಶುವೈದ್ಯರೇ ಎಂದು ಕರೆದರು. ಆ ಹೆಸರು ಕೆಲವು ವರ್ಷ ಉಳಿಯಿತು.

ಎಮ್ಮೆಯದು ನಗುವ ಮಾತು, ಮನುಷ್ಯರದು ಹಾಗಲ್ಲ. ಪ್ರಾರ್ಥನೆ ಮುಗಿದ ಕೂಡಲೇ ಸಕ್ಕರೆ ಕಾಯಿಲೆಯ ಗುಳಿಗೆ, ಬಿ.ಪಿ. ಗುಳಿಗೆ ಬಿಟ್ಟುಬಿಡುವವರಿದ್ದಾರೆ. ಗುಳಿಗೆ ನುಂಗಿದರೆ ನಂಬಿಕೆ ಕಡಿಮೆಯಾಯಿತು ಎಂದು ಅವರ ಲೆಕ್ಕ. ಹೀಗಾಗಿ ನಾನು ಆಮೆನ್ ಅಂದ ಮೇಲೆ ಗುಳಿಗೆ ಎಲ್ಲಿವೆ ತೋರಿಸಿರಿ ಎಂದು ಕೇಳುವುದನ್ನು ರೂಢಿ ಮಾಡಿಕೊಂಡೆ. ಇದು ಯಾವ ಪುಸ್ತಕದಲ್ಲೂ ಇಲ್ಲ, ಆದರೆ ಇದನ್ನು ಬಿಡಬೇಡಿರಿ.

ಇನ್ನು ರೊಟ್ಟಿಯ ವಿಷಯಕ್ಕೆ ಬರುತ್ತೇನೆ. ಯೇಸು ಸಾಯುವ ಹಿಂದಿನ ದಿನ ಶಿಷ್ಯರೊಂದಿಗೆ ಕುಳಿತು ರೊಟ್ಟಿ ಮುರಿದು ಕೊಟ್ಟದ್ದರ ನೆನಪಿಗೆ ನಾವು ಪ್ರತಿ ತಿಂಗಳ ಮೊದಲ ಭಾನುವಾರ ಪ್ರಭುಭೋಜನ ಮಾಡುತ್ತೇವೆ. ಒಂದು ರೊಟ್ಟಿಯನ್ನು ಮುರಿದು ಎಲ್ಲರಿಗೂ ಒಂದೊಂದು ಚೂರು, ಜೊತೆಗೆ ಒಂದು ಗುಟುಕು ದ್ರಾಕ್ಷಾರಸ. ನಮ್ಮ ಜಿಲ್ಲೆಯಲ್ಲಿ ಒಣದ್ರಾಕ್ಷಿಗೆ ಬರವಿಲ್ಲ. ಶನಿವಾರ ನೀರಿನಲ್ಲಿ ನೆನೆಹಾಕಿ ಕಿವುಚಿ ಸೋಸಿದರೆ ರಸವಾಗುತ್ತದೆ. ರೊಟ್ಟಿಯ ಜಾಗದಲ್ಲಿ ಪಟ್ಟಣದ ಸಭೆಗಳಲ್ಲಿ ಬೇಕರಿಯ ಬ್ರೆಡ್ಡು ಬಂದಿತ್ತು. ಆದರೆ ಇಂಡಿ ತಾಲ್ಲೂಕಿನ ಒಂದು ಊರಿನಲ್ಲಿ ಜೋಳದ ರೊಟ್ಟಿಯೇ ನಡೆಯುತ್ತಿತ್ತು. ಆ ಊರಿನ ಹೆಸರು ಹೇಳುವುದಿಲ್ಲ, ಅಲ್ಲಿಯವರು ಈಗಲೂ ನನಗೆ ಫೋನು ಮಾಡುತ್ತಾರೆ.

ಆ ಸಭೆಯ ಹಿರಿಯ ದಾನಪ್ಪ. ಹಾಡು ಹೇಳಿಕೊಡುವುದು, ಗುಡಿಯ ಕೀಲಿ, ಜಗಳ ಬಿಡಿಸುವುದು ಎಲ್ಲ ಅವನದೇ. ನಾನು ಮೊದಲ ಸಲ ಬ್ರೆಡ್ಡು ಒಯ್ದಾಗ ಅವನು ಅದನ್ನು ಒತ್ತಿ ನೋಡಿ, "ಪುಸ್ತಕದಾಗ ರೊಟ್ಟಿ ಅಂತ ಬರದೈತ್ರಿ. ಬ್ರೆಡ್ ಅಂತ ಎಲ್ಲಿ ಬರದೈತಿ ತೋರಸ್ರಿ" ಎಂದಿದ್ದ. ತೋರಿಸಲು ಬರುವಂತಿರಲಿಲ್ಲ. ಅಲ್ಲಿ ರೊಟ್ಟಿಗೆ ಮನೆಗಳ ಪಾಳಿಯಿತ್ತು. ಪಾಳಿ ಬಂದ ಮನೆಯಾಕೆ ಅಂದು ಬೇಗ ಎದ್ದು ಜಳಕ ಮಾಡಿ, ಒಂದೇ ಒಂದು ರೊಟ್ಟಿ ಬಡಿದು, ಬಿಳಿ ಅರಿವೆಯಲ್ಲಿ ಸುತ್ತಿ ತಂದು ಮೇಜಿನ ಮೇಲೆ ಇಡಬೇಕು. ಆ ತಿಂಗಳು ಆ ಮನೆಗೆ ಒಂದು ತೂಕ. ಅತ್ತೆ ಸೊಸೆ ಮಾತು ಬಿಟ್ಟಿದ್ದರೂ ಪಾಳಿಯ ದಿನ ಮಾತಾಡುತ್ತಿದ್ದರು.

ಗುಡಿಯ ಹಿಂದಿನ ಗೋಡೆಗೆ ಹೊಂದಿ ನೀಲವ್ವನ ಮನೆ. ಗಂಡನಿಲ್ಲ, ಮಗಳನ್ನು ಸೊಲ್ಲಾಪುರದ ಕಡೆ ಕೊಟ್ಟಿದ್ದಾಳೆ. ಇಂಡಿಯ ಬಸ್ ನಿಲ್ದಾಣದ ಹತ್ತಿರದ ಖಾನಾವಳಿಗೆ ದಿನವೂ ಬುಟ್ಟಿ ತುಂಬ ರೊಟ್ಟಿ ಮಾಡಿ ಒಯ್ಯುವುದು ಅವಳ ಉದ್ಯೋಗ. ಗೋಡೆಯಾಚೆಯ ಹಾಡಿನ ತಾಳಕ್ಕೆ ರೊಟ್ಟಿ ಬಡಿಯುತ್ತ ಬಡಿಯುತ್ತ ಹಾಡೆಲ್ಲ ಬಾಯಿಗೆ ಬಂದು, ಒಂದು ದಿನ ಈಚೆಗೇ ಬಂದು ಕುಳಿತಳು. ಅವಳೇ ಕೇಳಿ ದೀಕ್ಷಾಸ್ನಾನ ಪಡೆದಳು. ಹೆಸರು ಬದಲಿಸಬೇಕೆಂದು ಮೇಲ್ವಿಚಾರಕರು ರೂತ್, ಮಾರ್ಥಾ ಎಂದು ಒಳ್ಳೊಳ್ಳೆಯ ಹೆಸರು ಸೂಚಿಸಿದರು. ನಮ್ಮವ್ವ ಇಟ್ಟ ಹೆಸರು ದೇವರಿಗೂ ಗೊತ್ತೈತಿ ಎಂದು ಅವಳು ನೀಲವ್ವನಾಗಿಯೇ ಉಳಿದಳು.

ಅವಳ ಮನೆ ಗುಡಿಗೆ ಹೊಂದಿದ್ದರೂ ಓಣಿ ಬೇರೆ, ಜಾತಿ ಬೇರೆ. ಊರಿನ ದೊಡ್ಡ ಮನೆಗಳವರು ಈ ಎರಡೂ ಓಣಿಯ ನೀರು ಮುಟ್ಟುತ್ತಿರಲಿಲ್ಲ. ನಮ್ಮ ಸಭೆಯ ಓಣಿಯವರು ನೀಲವ್ವನ ಓಣಿಯ ನೀರು ಮುಟ್ಟುತ್ತಿರಲಿಲ್ಲ. ಹೊರಗಿನವರಿಂದ ಪಟ್ಟ ನೋವನ್ನು ಗುಡಿಯಲ್ಲಿ ಎದ್ದು ನಿಂತು ಕಣ್ಣೀರಿನಲ್ಲಿ ಸಾಕ್ಷಿ ಹೇಳುವ ಜನ ಇದನ್ನು ಮಾತ್ರ ನೋವೆಂದು ಎಣಿಸಿರಲಿಲ್ಲ. ನೀಲವ್ವ ಹಾಡುತ್ತಿದ್ದಳು, ಗುಡಿ ಕಸ ಹೊಡೆಯುತ್ತಿದ್ದಳು, ಭೋಜನದಲ್ಲಿ ಎಲ್ಲರಂತೆ ಚೂರು ತೆಗೆದುಕೊಳ್ಳುತ್ತಿದ್ದಳು. ರೊಟ್ಟಿಯ ಪಾಳಿ ಮಾತ್ರ ಎಲ್ಲ ಮನೆ ಸುತ್ತಿ ಅವಳ ಮನೆ ಬಿಟ್ಟು ಮತ್ತೆ ಮೊದಲ ಮನೆಗೆ ಹೋಗುತ್ತಿತ್ತು.

ಒಂದು ಭಾನುವಾರ ಅವಳು ನನ್ನನ್ನು ನಿಲ್ಲಿಸಿ, "ಅಯ್ನೋರ, ನನ್ನ ಪಾಳಿ ಯಾವಾಗ ಬರ್ತೈತ್ರಿ?" ಎಂದು ಕೇಳಿದಳು. ಸಿಟ್ಟಿನಿಂದ ಕೇಳಲಿಲ್ಲ, ಬಸ್ಸು ಯಾವಾಗ ಎಂದು ಕೇಳುವ ಹಾಗೆ ಕೇಳಿದಳು. ಹಿರಿಯರನ್ನು ವಿಚಾರಿಸುತ್ತೇನೆ ಎಂದೆ.

ಅದೇ ವಾರ ದಾನಪ್ಪನೂ ನಾನೂ ಏನೋ ಕೆಲಸಕ್ಕೆ ಇಂಡಿಗೆ ಹೋಗಿ ಆ ಖಾನಾವಳಿಯಲ್ಲಿ ಊಟಕ್ಕೆ ಕುಳಿತೆವು. ದಾನಪ್ಪ ರೊಟ್ಟಿಯನ್ನು ಹೊಗಳಿ ಹೊಗಳಿ ತಿಂದ. ಅದು ಯಾರ ಕೈಯ ರೊಟ್ಟಿ ಗೊತ್ತೇ ಎಂದು ಕೇಳಿದೆ. ಅವನು ಸಿಕ್ಕಿಬೀಳುತ್ತಾನೆ ಎಂದುಕೊಂಡಿದ್ದೆ. ಅವನು ಕೈ ತೊಳೆದುಕೊಂಡು ಬಂದು ಸಮಾಧಾನವಾಗಿ ಹೇಳಿದ:

"ಗೊತ್ತೈತ್ರಿ, ನೀಲವ್ವಂದು. ಖಾನಾವಳಿಯಾಗಿಂದು ಬ್ಯಾರೆ ಮಾತು. ಇಲ್ಲಿ ರೊಕ್ಕಾ ಕೊಟ್ಟ ತಿಂತೀವಿ, ಎದ್ದ ಹೋಗ್ತೀವಿ, ಅಲ್ಲಿಗಿ ಮುಗೀತು. ಗುಡ್ಯಾಗಿಂದು ಪುಗಸಟ್ಟೆ ಕೊಡೋದು. ಅದನ್ನ ತಿಂದ್ರ ಆಕಿ ನಮ್ಮಾಕಿ ಆಗ್ತಾಳ. ಆಮ್ಯಾಲ ಆಕಿ ಮನ್ಯಾಗ ಉಣ್ಣಾಂಗಿಲ್ಲ ಅನ್ನಾಕ ಬಾಯಿ ಎಲ್ಲಿ ಇರ್ತೈತ್ರಿ?"

ಬೆಲೆ ಕೊಟ್ಟದ್ದಕ್ಕೂ ಪುಗಸಟ್ಟೆ ಸಿಕ್ಕದ್ದಕ್ಕೂ ಇರುವ ವ್ಯತ್ಯಾಸವನ್ನು ನಾನು ವರ್ಷಗಟ್ಟಲೆ ಪ್ರಸಂಗ ಮಾಡಿದ್ದೆ. ಇಷ್ಟು ಸ್ಪಷ್ಟವಾಗಿ ಎಂದೂ ಹೇಳಲು ಬಂದಿರಲಿಲ್ಲ. ದಾನಪ್ಪನಿಗೆ ಕೃಪೆ ತಿಳಿಯದೆ ಬೇಡವಾಗಿರಲಿಲ್ಲ, ಚೆನ್ನಾಗಿ ತಿಳಿದೇ ಬೇಡವಾಗಿತ್ತು. ಇಂಥವರಿಗೆ ಪ್ರಸಂಗ ಮಾಡಿ ಪ್ರಯೋಜನವಿಲ್ಲ.

ನಾನು ಸಂಗತಿಯನ್ನು ಮೇಲ್ವಿಚಾರಕರ ಮುಂದಿಟ್ಟೆ. ಅವರು ಕೆಟ್ಟವರಲ್ಲ, ಜಗಳ ಎಂದರೆ ಆಗದವರು. ಸ್ವಲ್ಪ ಯೋಚಿಸಿ, ಇನ್ನು ಮುಂದೆ ಎಲ್ಲ ಸಭೆಗಳಲ್ಲೂ ಬೇಕರಿ ಬ್ರೆಡ್ಡೇ ಆಗಬೇಕು, ಮನೆಯ ರೊಟ್ಟಿ ಎಲ್ಲಿಯೂ ಬೇಡ, ಶುಚಿತ್ವದ ದೃಷ್ಟಿಯಿಂದಲೂ ಅದೇ ಒಳ್ಳೆಯದು ಎಂದು ಆಜ್ಞೆ ಮಾಡಿದರು. ಯಾರ ಮನಸ್ಸಿಗೂ ನೋವಾಗದಂತೆ ಬಗೆಹರಿಯಿತೆಂದು ಅವರಿಗೆ ಸಂತೋಷ. ಖರೆ ಹೇಳಬೇಕೆಂದರೆ ನನಗೂ ಹಗುರವಾಯಿತು. ದಾನಪ್ಪನಂತೂ ಬ್ರೆಡ್ಡು ಎಲ್ಲಿ ಬರೆದಿದೆ ಎಂದು ಈ ಸಲ ಕೇಳಲೇ ಇಲ್ಲ.

ಬ್ರೆಡ್ಡು ಬಂದ ಮೊದಲ ಭಾನುವಾರ ಎಲ್ಲರೂ ಹೋದ ಮೇಲೆ ನೀಲವ್ವ ಕಸಬರಿಗೆ ಹಿಡಿದು ನಿಂತಿದ್ದಳು. "ನನ್ನ ಪಾಳಿ ಬರಬಾರದಂತ ಎಲ್ಲಾರ ಪಾಳಿನೂ ತಗದ್ರೇನ್ರಿ?" ಎಂದಳು. ನಾನು ಶುಚಿತ್ವದ ಮಾತು ಎತ್ತಿದೆ. ಅವಳು ಕೇಳಿಸಿಕೊಂಡು ಕಸ ಹೊಡೆಯತೊಡಗಿದಳು. ಅವಳು ಸಭೆ ಬಿಟ್ಟು ಹೋಗಬಹುದು ಎಂದುಕೊಂಡೆ. ಹೋಗಲಿಲ್ಲ. ಮುಂದಿನ ಭಾನುವಾರವೂ ಬಂದಳು, ಅದರ ಮುಂದಿನದಕ್ಕೂ ಬಂದಳು, ಆದರೆ ಭೋಜನದ ಹೊತ್ತಿಗೆ ತಟ್ಟೆ ಮುಂದೆ ಬಂದಾಗ ಕೈ ಚಾಚಲಿಲ್ಲ. ನನ್ನ ಪಾಳಿ ನನಗೆ ಕೊಡುವವರೆಗೆ ನಿಮ್ಮದು ತಗೊಳ್ಳುವುದು ಸರಿ ಕಾಣುವುದಿಲ್ಲ ಎಂದಷ್ಟೇ ಹೇಳಿದಳು. ಹೀಗೆ ವರ್ಷಗಳೇ ಹೋದವು. ನಡುವೆ ಕೊರೊನಾ ಬಂದು ಗುಡಿ ಮುಚ್ಚಿತು, ತೆರೆಯಿತು. ಅವಳು ತಟ್ಟೆ ಮುಟ್ಟಲಿಲ್ಲ. ಸಭೆಗೆ ಅದು ರೂಢಿಯಾಯಿತು. ನನಗೆ ಆಗಲಿಲ್ಲ.

ದಾನಪ್ಪನ ತಾಯಿ ಹಾಸಿಗೆ ಹಿಡಿದಳು. ಹಲ್ಲಿಲ್ಲದ, ಮಾತು ಕಡಿಮೆಯ ಮುದುಕಿ. ಗುಡಿಗೆ ಬರಲಾಗದವರಿಗೆ ಮನೆಗೆ ಹೋಗಿ ಭೋಜನ ಕೊಡುವುದು ನಮ್ಮ ಕೆಲಸ. ನಾನು ಬ್ರೆಡ್ಡಿನ ಚೂರನ್ನು ರಸದಲ್ಲಿ ಅದ್ದಿ ಬಾಯಿಗಿಟ್ಟೆ. ಅದು ಅಂಗುಳಿಗೆ ಅಂಟಿಕೊಂಡಿತು. ಅವಳು ಬೆರಳು ಹಾಕಿ ತೆಗೆದು ನನ್ನ ಅಂಗೈಯಲ್ಲಿಟ್ಟು ಮಗನ ಕಡೆ ತಿರುಗಿದಳು.

"ಇದು ನುಂಗಾಕ ಬರವಲ್ದು. ನೀಲವ್ವನ ರೊಟ್ಟಿ ಕೊಡ."

ಮುದುಕಿಗೆ ಭ್ರಮೆಯಾಗಿದೆ ಎಂಬಂತೆ ದಾನಪ್ಪ ನನ್ನ ಮುಖ ನೋಡಿದ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ನೆಲ ನೋಡುತ್ತ ಸಂಗತಿ ಹೇಳಿದಳು. ಕೆಲವು ತಿಂಗಳಿಂದ ಅತ್ತೆಗೆ ತಾನು ಮಾಡಿದ ರೊಟ್ಟಿ ಗಂಟಲಿಗೆ ಇಳಿಯುತ್ತಿರಲಿಲ್ಲ. ನೀಲವ್ವ ಬಸ್ಸಿಗೆ ಹೋಗುವಾಗ ಹಿತ್ತಿಲ ಬಾಗಿಲಲ್ಲಿ ಒಂದು ತೆಳ್ಳನೆಯ ರೊಟ್ಟಿ ಕೊಟ್ಟು ಹೋಗುತ್ತಿದ್ದಳು. ಅದನ್ನು ಹಾಲಿನಲ್ಲಿ ನೆನೆಸಿ ತಿನ್ನಿಸಿದರೆ ಮಾತ್ರ ಮುದುಕಿ ಉಣ್ಣುತ್ತಿದ್ದಳು. ನೀವು ಏನನ್ನುವಿರೋ ಎಂದು ನಿಮಗೆ ಹೇಳಲಿಲ್ಲ ಎಂದಳು ಗಂಡನಿಗೆ.

ನೀನೇ ಒಂದು ತೆಳ್ಳಗೆ ಬಡಿದು ತಾ ಎಂದು ದಾನಪ್ಪ ಹೆಂಡತಿಗೆ ಹೇಳಿದ. ಆ ರೊಟ್ಟಿ ಬಂದಾಗ ಮುದುಕಿ ತುಟಿ ಬಿಗಿದುಕೊಂಡಳು. ಅವಳು ಬಹಳ ದಿನ ಉಳಿಯುವವಳಲ್ಲ ಎಂಬುದು ನಮ್ಮೆಲ್ಲರಿಗೂ ಗೊತ್ತಿತ್ತು. ಭೋಜನವಿಲ್ಲದೆ ಅವಳನ್ನು ಕಳಿಸುವುದು ದಾನಪ್ಪನಿಂದ ಆಗುವ ಮಾತಲ್ಲ. ಅವನು ಎದ್ದು ಚಪ್ಪಲಿ ಮೆಟ್ಟಿಕೊಂಡ. ನಾನೂ ಹಿಂದೆ ಹೋದೆ.

ನೀಲವ್ವನ ಮನೆಯ ಹೊಸ್ತಿಲ ಹೊರಗೆ ನಿಂತು, ನಮ್ಮವ್ವ ನಿನ್ನ ರೊಟ್ಟಿ ಬೇಡುತ್ತಿದ್ದಾಳೆ, ಭೋಜನಕ್ಕೆ ಬೇಕು ಎಂದು ಅವನು ಹೇಳಿದ. ನೀಲವ್ವ ಬುಟ್ಟಿಯಿಂದ ಒಂದು ರೊಟ್ಟಿ ತೆಗೆದವಳು ಅದನ್ನು ಮತ್ತೆ ಒಳಗಿಟ್ಟು, ಹಿಟ್ಟು ನಾದಿ ಹೊಸದೊಂದನ್ನು ಬಡಿದಳು. ನಾವು ಬಿಸಿಲಿನಲ್ಲಿ ನಿಂತೇ ಇದ್ದೆವು. ರೊಟ್ಟಿಯನ್ನು ಅರಿವೆಯಲ್ಲಿ ಸುತ್ತಿ ಕೊಡುವಾಗ ಅವಳು ಹೇಳಿದಳು:

"ಇದು ನನ್ನ ಪಾಳಿ ಅಂತ ತಿಳ್ಕೊಬ್ಯಾಡ್ರಿ ಹಿರೇರ. ಹಾಸಿಗಿ ಹಿಡದಾಕಿಗಿ ಕೊಡಾಕ ಪಾಳಿ ಬೇಕಾಗಂಗಿಲ್ಲ. ನನ್ನ ಪಾಳಿ ಗುಡ್ಯಾಗ ಬರಬೇಕು, ಎಲ್ಲಾರ ಮುಂದ."

ಮುದುಕಿ ಆ ರೊಟ್ಟಿಯ ಚೂರನ್ನು ನುಂಗಿದಳು. ಪದ್ಧತಿಯಂತೆ ಅಲ್ಲಿದ್ದವರಿಗೂ ಕೊಡಬೇಕು. ನಾನು ತೆಗೆದುಕೊಂಡೆ, ದಾನಪ್ಪನ ಹೆಂಡತಿ ತೆಗೆದುಕೊಂಡಳು. ದಾನಪ್ಪ ಕೈ ಮುಂದೆ ಮಾಡಲಿಲ್ಲ. ನಾನು ಒತ್ತಾಯ ಮಾಡಲಿಲ್ಲ. ಅವನ ಕಣ್ಣು ತಾಯಿಯ ಮೇಲೆಯೇ ಇತ್ತು.

ಆ ತಿಂಗಳು ಮುಗಿಯುವ ಮೊದಲೇ ಮುದುಕಿ ತೀರಿಕೊಂಡಳು. ಮಣ್ಣು ಕೊಟ್ಟು ಬಂದೆವು. ಮುಂದಿನ ತಿಂಗಳ ಮೊದಲ ಭಾನುವಾರ ನಾನು ಎಂದಿನಂತೆ ಚೀಲದಲ್ಲಿ ಬ್ರೆಡ್ಡು ಇಟ್ಟುಕೊಂಡು ಬಸ್ಸಿಳಿದೆ. ಗುಡಿಯ ಬಾಗಿಲಲ್ಲಿ ದಾನಪ್ಪ ನನ್ನ ಚೀಲ ಇಸಿದುಕೊಂಡು ಮೂಲೆಗಿಟ್ಟ. ಶನಿವಾರ ತಾನೇ ನೀಲವ್ವನ ಮನೆಗೆ ಹೋಗಿ ನಾಳೆ ನಿನ್ನ ಪಾಳಿ ಎಂದು ಹೇಳಿ ಬಂದಿರುವುದಾಗಿ ತಿಳಿಸಿದ. ಮೇಲಿನವರ ಆಜ್ಞೆ ಇದೆಯಲ್ಲ ಎಂದೆ. ಅದು ನಿಮಗೆ, ನನಗಲ್ಲ ಎಂದ.

ಎರಡನೆಯ ಹಾಡಿನ ಹೊತ್ತಿಗೆ ನೀಲವ್ವ ತೊಳೆದ ಇಳಕಲ್ ಸೀರೆ ಉಟ್ಟುಕೊಂಡು ಬಂದು, ನಡುವಿನ ದಾರಿಯಲ್ಲಿ ನಡೆದು, ಬಿಳಿ ಅರಿವೆಯ ಗಂಟನ್ನು ಮೇಜಿನ ಮೇಲಿಟ್ಟಳು. ಹಾಡು ತಗ್ಗಿತು. ಎರಡು ಮನೆಯವರು ಮಕ್ಕಳನ್ನು ಕರೆದುಕೊಂಡು ಎದ್ದು ಹೊರಗೆ ಹೋದರು. ಉಳಿದವರು ದಾನಪ್ಪನ ಮುಖ ನೋಡುತ್ತಿದ್ದರು. ನಾನು ರೊಟ್ಟಿ ಎತ್ತಿ ಪ್ರಾರ್ಥಿಸಿ ಮುರಿದೆ. ದಾನಪ್ಪ ತಟ್ಟೆ ತನ್ನ ಬಳಿಗೆ ಬರುವವರೆಗೆ ಕಾಯದೆ ಜಾಗದಿಂದ ಎದ್ದು ಎಲ್ಲರಿಗಿಂತ ಮೊದಲು ಬಂದು ಮೊಣಕಾಲೂರಿ ಎರಡೂ ಕೈ ಒಡ್ಡಿದ. ನಾನು ದೊಡ್ಡ ಚೂರನ್ನೇ ಮುರಿದು ಇಟ್ಟೆ. ಅವನು ಅದನ್ನು ಅಲ್ಲೇ, ಎಲ್ಲರೂ ನೋಡುತ್ತಿರುವಾಗ, ನಿಧಾನವಾಗಿ ಅಗಿದು ತಿಂದ. ಆಮೇಲೆ ಒಬ್ಬೊಬ್ಬರಾಗಿ ಬಂದರು. ಕಡೆಗೆ ನೀಲವ್ವನೂ ಬಂದು ಕೈ ಚಾಚಿದಳು. ಅವಳ ಅಂಗೈಯಲ್ಲಿ ಚೂರು ಇಡುವಾಗ ಹೇಳಬೇಕಾದ ಮಾತನ್ನು ಅರ್ಧಕ್ಕೇ ಬಿಟ್ಟು ನಾನು ಅತ್ತುಬಿಟ್ಟೆ.

ಮುಂದೆ ಏನಾಯಿತು ಎಂದು ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗರು ಕೇಳುತ್ತಾರೆ. ಹೊರಗೆ ಹೋದ ಎರಡು ಮನೆಗಳಲ್ಲಿ ಒಂದು ಮನೆಯವರು ಕೆಲವು ತಿಂಗಳಿಗೆ ಬಂದರು, ಇನ್ನೊಂದು ಮನೆಯವರು ಬರಲೇ ಇಲ್ಲ. ಮೇಲ್ವಿಚಾರಕರು ನನ್ನನ್ನು ವಿಜಯಪುರಕ್ಕೆ ಕರೆಸಿ ಶಿಸ್ತಿನ ಬಗ್ಗೆ ಬಹಳ ಹೊತ್ತು ಮಾತಾಡಿದರು. ನಾನು ಹೊರಡುವಾಗ, ರೊಟ್ಟಿ ಹೇಗಿತ್ತು ಎಂದು ಕೇಳಿದರು. ಅದೂ ನೆನಪಿದೆ. ಆದರೆ ನನ್ನ ಕೆಲಸದ ಇಷ್ಟು ವರ್ಷಗಳಲ್ಲಿ ನಾನು ಕೇಳಿದ ಎಲ್ಲಕ್ಕಿಂತ ಒಳ್ಳೆಯ ಪ್ರಸಂಗ ಆ ಭಾನುವಾರ ಗುಡಿಯ ಬಾಗಿಲಲ್ಲಿ ಆದದ್ದು.

ಆರಾಧನೆ ಮುಗಿದು ಜನ ಚಪ್ಪಲಿ ಹುಡುಕುತ್ತಿದ್ದರು. ನೀಲವ್ವ ಖಾಲಿ ಅರಿವೆಯನ್ನು ಮಡಚುತ್ತಿದ್ದಳು. ದಾನಪ್ಪ ಅವಳೆದುರು ಹೋಗಿ ನಿಂತು, ಟವೆಲ್ಲನ್ನು ಹೆಗಲಿಂದ ಕೈಗೆ ತೆಗೆದುಕೊಂಡು, ತಪ್ಪಾಯಿತು, ಇಷ್ಟು ವರ್ಷ ನಿನಗೆ, ಎಂದು ಏನೋ ಹೇಳಲು ಹೊರಟ. ನೀಲವ್ವ ಅವನಿಗೆ ಅದನ್ನು ಪೂರ್ತಿ ಮಾಡಗೊಡಲಿಲ್ಲ.

"ತಿಂದಿಯಲ್ಲ ಅಣ್ಣಾ," ಎಂದಳು. "ಅಷ್ಟ ಸಾಕ ಬಿಡ."

ಅಂದಿನವರೆಗೂ ಅವಳು ಅವನನ್ನು ಹಿರೇರ ಎಂದೇ ಕರೆಯುತ್ತಿದ್ದಳು.